ಇಲ್ಲದ ಕೊರತೆ

"ಇರೋ ಕೊರತೆ ಎಷ್ಟು ಬೇಕಾದ್ರೂ ಮುಚ್ಚಿಡ್ರಿ ಸಾಹೇಬ್ರೆ, ನಂದೇನೂ ತಕರಾರಿಲ್ಲ," ಎಂದ ಬಂಗಲೆಯ ಕಾವಲುಗಾರ ಕೆಂಚಣ್ಣ. "ಇಲ್ಲದ ಕೊರತೆ ಮಾತ್ರ ಈ ಹೊಸ್ತಿಲ ಮ್ಯಾಲೆ ನಿಂತು ಹೇಳಬ್ಯಾಡ್ರಿ. ಹೇಳಿದ್ದು ಆಗಿಬಿಡ್ತೈತೆ."

ನಾಗಭೂಷಣ ನಕ್ಕ. ಮನೆ ಮಾರಿಸುವ ಕಸುಬಿಗೆ ಬಂದು ಅವನಿಗೆ ನಾಲ್ಕು ವರ್ಷವಾಗಿತ್ತು. ದಾವಣಗೆರೆಯ ಕಾವಲುಗಾರರು ಈವರೆಗೆ ಕೊಟ್ಟ ಎಚ್ಚರಿಕೆಗಳೆಲ್ಲ ಒಂದೇ ಅಚ್ಚಿನವು: ಮಹಡಿಯಲ್ಲಿ ಗೆಜ್ಜೆ ಕೇಳಿಸುತ್ತದೆ, ಮೂರನೆಯ ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ, ಹಿತ್ತಲಿನ ನುಗ್ಗೆಮರಕ್ಕೆ ಯಾರೋ ಜೋತುಬಿದ್ದಿದ್ದರು. ಮನೆ ಮಾರಿಹೋದರೆ ಕಾವಲುಗಾರನ ಪುಕ್ಕಟೆ ಶೆಡ್ಡು ಹೋಗುತ್ತದೆ. ದೆವ್ವಗಳು ಹುಟ್ಟುವುದು ಅಲ್ಲಿಂದ ಎಂಬುದು ಅವನ ಸಿದ್ಧಾಂತ. ಈ ಎಚ್ಚರಿಕೆ ಮಾತ್ರ ಹೊಸ ನಮೂನೆಯದಾಗಿತ್ತು. ಇಲ್ಲದ ಕೊರತೆಯನ್ನು ಯಾವ ಬ್ರೋಕರು ತಾನೇ ಹೇಳುತ್ತಾನೆ? ಇಡೀ ಊರಿನಲ್ಲಿ ಅಂಥವನು ಒಬ್ಬನೇ ಇದ್ದ. ಅವನೇ ಈಗ ನಗುತ್ತಿದ್ದ.

ಅದು ವಿದ್ಯಾನಗರದ ಕೊನೆಯ ಅಡ್ಡರಸ್ತೆಯ ಬಂಗಲೆ. ಹೆಸರು 'ಸಂತೃಪ್ತಿ'. ತೇಗದ ಬಾಗಿಲು, ಕನ್ನಡಿಯಂಥ ಮಾರ್ಬಲ್ಲು, ಮಹಡಿಯಲ್ಲಿ ಬಾತ್‌ಟಬ್, ಕೋಣೆಯಿಂದ ಕೋಣೆಗೆ ಮಾತಾಡಲು ಇಂಟರ್‌ಕಾಮ್. ತೊಂಬತ್ತೆಂಟರ ದಾವಣಗೆರೆಯಲ್ಲಿ ಲಕ್ಷುರಿ ಎಂಬ ಪದಕ್ಕೆ ಇಷ್ಟೆಲ್ಲ ಅರ್ಥವಿತ್ತು. ಮೂರು ವರ್ಷದಿಂದ ಬೀಗ ಬಿದ್ದಿತ್ತು.

ಕೆಂಚಣ್ಣ ಹೇಳಿದ ಕತೆ ಚಿಕ್ಕದು. ಕಟ್ಟಿಸಿದ ಯಜಮಾನರು ಮಗನಿಗೆ ಹರಿಹರದ ಉಚ್ಚೆಂಗೆಮ್ಮನ ಮಗಳನ್ನು ತಂದುಕೊಂಡರು. ಆರು ತಿಂಗಳಿಗೆ ಅದಕ್ಕಿಂತ ಅನುಕೂಲಸ್ಥರ ಸಂಬಂಧ ಕಣ್ಣಿಗೆ ಬಿತ್ತು. ಆಗ ಇದೇ ಹೊಸ್ತಿಲ ಮೇಲೆ ನಿಂತು, ಸೇರಿದ ಹಿರಿಯರ ಮುಂದೆ, ಹುಡುಗಿಗೆ ಮೂರ್ಛೆರೋಗ ಇದೆ, ಮುಚ್ಚಿಟ್ಟು ಕೊಟ್ಟಿದ್ದಾರೆ ಎಂದರು. ಹುಡುಗಿಗೆ ನೆಗಡಿ ಬಿಟ್ಟರೆ ಬೇರೆ ರೋಗವಿರಲಿಲ್ಲ. ತವರಿಗೆ ಹೋದವಳು ತಿಂಗಳೊಳಗೆ ಹೊಳೆ ಪಾಲಾದಳು. ತಾಯಿ ಅಳಲಿಲ್ಲ. ಹೊಳೆಯಾಚೆಯ ಒಬ್ಬ ಮಾಟಗಾರನನ್ನು ಕಂಡುಬಂದಳು. ಎರಡನೆಯ ಮದುವೆಗೆಂದು ಹೊಸದಾಗಿ ಮಾರ್ಬಲ್ಲು ಹಾಕುವವರ ಕೈಯಲ್ಲಿ, ಹೊಸ್ತಿಲ ಕೆಳಗೆ, ಮಗಳ ಜಡೆ ಸುತ್ತಿದ ಒಂದು ತಾಮ್ರದ ತಗಡು ಸೇರಿಸಿದಳು. ಯಜಮಾನರು ಎರಡನೆಯ ಬೀಗರಿಗೂ ಅದೇ ಹೊಸ್ತಿಲ ಮೇಲೆ ಸತ್ತ ಸೊಸೆಯ ಮೇಲಿನ ಅದೇ ಸುಳ್ಳು ಹೇಳಿದರು. ವಾರಕ್ಕೆ ಸರಿಯಾಗಿ ಅವರ ಮಗನೇ ಮೆಟ್ಟಿಲ ಮೇಲೆ ಬಾಯಲ್ಲಿ ನೊರೆ ತಂದುಕೊಂಡು ಬಿದ್ದ.

"ಮಾರ್ಬಲ್ ಚೆನ್ನಾಗಿ ಹಾಕಿದಾರೆ ಬಿಡು," ಎಂದ ನಾಗಭೂಷಣ, ಹೊಸ್ತಿಲನ್ನು ಬೂಟಿನಿಂದ ತಟ್ಟಿ.

ಅವನು ಮೊದಲು ಹದಿನಾರು ವರ್ಷ ಒಂದು ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುತ್ತಿದ್ದವನು. ಸೀರೆಯ ಹತ್ತು ಗುಣ ಹೇಳಿದರೆ ಹೆಂಗಸರು ಮುಂದಿನ ಅಂಗಡಿಗೆ ಹೋಗುತ್ತಾರೆ. ಸುಳ್ಳು ಯಾಕೆ ಹೇಳ್ಲಿ ಅಕ್ಕಾರೆ, ಮೊದಲ ಒಗೆತಕ್ಕೆ ಸೆರಗಿನ ಬಣ್ಣ ಸ್ವಲ್ಪ ಬಿಡುತ್ತೆ ಎಂದರೆ ಅದನ್ನೇ ಕಟ್ಟಿಸಿಕೊಳ್ಳುತ್ತಾರೆ. ಈ ಒಂದು ತಿಳಿವಳಿಕೆಯನ್ನು ಬಂಡವಾಳ ಮಾಡಿಕೊಂಡು ಅವನು ಬಂಗಲೆಗಳಿಗೆ ಬಂದಿದ್ದ. ದೊಡ್ಡ ಮನೆ ಕೊಳ್ಳುವವರು ಯಾರನ್ನೂ ನಂಬುವುದಿಲ್ಲ. ನಂಬುವ ಜಾತಿಯವರಾಗಿದ್ದರೆ ದೊಡ್ಡ ಮನೆ ಕೊಳ್ಳುವ ಮಟ್ಟಕ್ಕೆ ಬರುತ್ತಿರಲಿಲ್ಲ. ಅಂಥವರೆದುರು ಒಂದು ಸಣ್ಣ ಕೊರತೆಯನ್ನು ತಾನಾಗಿ ಒಪ್ಪಿಸಿಬಿಟ್ಟರೆ ಅವರ ಭುಜ ಇಳಿಯುತ್ತದೆ. ಮಿಕ್ಕಿದ್ದನ್ನೆಲ್ಲ ಆಮೇಲೆ ನಂಬುತ್ತಾರೆ. 'ಸಂತೃಪ್ತಿ'ಯ ತೊಂದರೆಯೆಂದರೆ ಅದರಲ್ಲಿ ಹೇಳಿಕೊಳ್ಳಲು ಒಂದು ಸಣ್ಣ ಕೊರತೆಯೂ ಇರಲಿಲ್ಲ. ಹುಟ್ಟಿಸಬೇಕಿತ್ತು.

ನಾಗಭೂಷಣನಿಗೆ ಇದ್ದವಳು ಮಗಳೊಬ್ಬಳೇ. ಹರಿಹರದಲ್ಲಿ, ಹೊಳೆಗೆ ಇಳಿಯುವ ಬೀದಿಯ ಬಾಡಿಗೆ ಮನೆ. ಹೆಂಡತಿ ರೂಪಶ್ರೀ ತೀರಿಕೊಂಡಾಗ ಸ್ವಾತಿಗೆ ಐದು ವರ್ಷ. ಮಗು ಏಳೆಂಟು ತಿಂಗಳು ಬಾಯಿಯೇ ಬಿಡಲಿಲ್ಲ. ಆಗ ಪಕ್ಕದ ಮನೆಯಲ್ಲಿದ್ದ ಕಮಲಕ್ಕ ಎಂಬ ವಿಧವೆ, ಮಕ್ಕಳಿಲ್ಲದಾಕೆ, ತುತ್ತಿಗೊಂದು ಕತೆ ಹೇಳಿ ಅದರ ಮಾತನ್ನು ವಾಪಸು ತಂದಳು. ವಾಪಸು ಬಂದ ಮಾತು ಮತ್ತೆ ನಿಲ್ಲಲಿಲ್ಲ. ಈಗ ಇಪ್ಪತ್ತೊಂದಾಗಿದ್ದ ಸ್ವಾತಿ ಹಾಲಿನವನೊಡನೆ, ಬಸ್ ಕಂಡಕ್ಟರನೊಡನೆ, ಎದುರು ಮನೆಯ ಖೈರುನ್ನೀಸಾಳೊಡನೆ, ಯಾರೂ ಇಲ್ಲದಿದ್ದರೆ ಒಲೆಯ ಮೇಲಿನ ಹಾಲಿನೊಡನೆ ಮಾತಾಡುತ್ತಿದ್ದಳು. ಅಪ್ಪ ಸಂಜೆ ಬಂದು ಒಂದು ಬೂಟು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಬೀದಿಯ ಅಂದಿನ ಸಮಾಚಾರವೆಲ್ಲ ಅವನಿಗೆ ತಲುಪಿರುತ್ತಿತ್ತು. ಸ್ವಲ್ಪ ಉಸಿರಾದ್ರೂ ತಗಳೆ ಎಂದು ಗದರುತ್ತಿದ್ದ. ಅವಳು ಉಸಿರು ತೆಗೆದುಕೊಂಡರೆ ಮಾತ್ರ ಗಾಬರಿಯಾಗಿ ತಲೆಯೆತ್ತುತ್ತಿದ್ದ. ಮನೆಯ ಆ ಹಳೆಯ ಮೌನವನ್ನು ಅವನು ಮರೆತಿರಲಿಲ್ಲ.

ತೋರಿಸಿದ ಪ್ರತಿ ಬಂಗಲೆಯ ಮಹಡಿಯಲ್ಲೂ ಅವನು ಮನಸ್ಸಿನಲ್ಲಿ ಮಗಳನ್ನು ಒಮ್ಮೆ ಕೂರಿಸಿ ನೋಡುತ್ತಿದ್ದ. ಅವಳೊಂದು ಒಳ್ಳೆಯ ಮನೆ ಸೇರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಏಪ್ರಿಲ್‌ನ ಒಂದು ಮಧ್ಯಾಹ್ನ ಮಲೆಬೆನ್ನೂರಿನಿಂದ ಅಕ್ಕಿ ಗಿರಣಿಯ ಮುರುಗೇಶಪ್ಪನವರು ಹೆಂಡತಿ ನಿರ್ಮಲಮ್ಮನವರೊಡನೆ ಮನೆ ನೋಡಲು ಬಂದರು. ಮಗನ ಮದುವೆಗೆ ಮೊದಲು ದಾವಣಗೆರೆಯಲ್ಲೊಂದು ಮನೆಯಾಗಬೇಕಿತ್ತು. ಕರೆಂಟು ಹೋಗಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದ ಮನೆಯೊಳಗೆ ಹಾಡಹಗಲೇ ಗವ್ವೆನ್ನುವ ಕತ್ತಲೆ. ಹಳೆಯ ವಾರ್ನಿಷ್, ನುಸಿಗುಳಿಗೆ, ಮತ್ತು ಅವುಗಳ ಕೆಳಗಿನಿಂದ, ಎಲ್ಲೋ ನೆಲದಿಂದ, ಹಸಿಸುಣ್ಣಕ್ಕೆ ನೆತ್ತಿಯೆಣ್ಣೆ ಬೆರೆತಂಥ ಒಂದು ವಾಸನೆ. ಮುರುಗೇಶಪ್ಪನವರು ಗೋಡೆಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ನಲ್ಲಿಗಳನ್ನೆಲ್ಲ ತಿರುಗಿಸಿದರು. ಹೊರಡುವಾಗ ಹೊಸ್ತಿಲ ಮೇಲೆ ನಿಂತರು.

"ಚೆನ್ನಾಗಿರೋದೆಲ್ಲ ಕಣ್ಣಿಗೆ ಕಾಣ್ತು. ಚೆನ್ನಾಗಿಲ್ಲದ್ದು ಏನೈತೆ, ಅದನ್ನ ಹೇಳಪ್ಪ."

ನಾಗಭೂಷಣ ಸೀರೆಯ ಕಾಲದ ಮುಖ ಮಾಡಿಕೊಂಡು, ಮಹಡಿಯ ಬಚ್ಚಲಿನ ನಲ್ಲಿ ಒಂದೆರಡು ದಿನಕ್ಕೊಮ್ಮೆ ಸೋರುತ್ತದೆ, ವಾಷರು ಬದಲಿಸಿದರೂ ನಿಲ್ಲುವುದಿಲ್ಲ ಎಂದ. ಆ ನಲ್ಲಿ ಬೆಳಿಗ್ಗೆ ಅವನೇ ತಿರುಗಿಸಿ ನೋಡಿದ್ದು. ಅದಕ್ಕೆ ಏನೂ ಆಗಿರಲಿಲ್ಲ.

ಲೊಚ್, ಲೊಚ್, ಲೊಚ್ ಎಂದು ಹಲ್ಲಿ ನುಡಿಯಿತು.

ಆಡಿದ ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಅದು ನಿಜವೆಂಬುದಕ್ಕೆ ಈ ಸೀಮೆಯ ಯಾವ ಮನೆಯಲ್ಲೂ ಬೇರೆ ರುಜು ಬೇಕಿಲ್ಲ. ನಿರ್ಮಲಮ್ಮನವರು ತಟ್ಟನೆ ಬಾಗಿಲ ಚೌಕಟ್ಟಿನ ಮೇಲೆ ಬೆರಳು ಕುಟ್ಟಿ ಶಿವ ಶಿವ ಎಂದರು. ಮುರುಗೇಶಪ್ಪನವರ ಭುಜ ಇಳಿಯಿತು. ಹಲ್ಲಿ ಎಲ್ಲಿದೆಯೆಂದು ನಾಗಭೂಷಣ ಗೋಡೆ ನೋಡಿದ. ಗೋಡೆಯ ಮೇಲೆ ಏನೂ ಇರಲಿಲ್ಲ. ಸದ್ದು ಅವನ ಕಾಲ ಕೆಳಗಿನಿಂದ ಬಂದಹಾಗಿತ್ತು.

ಎರಡನೆಯ ಸಲ ಬಂದಾಗ ನಿರ್ಮಲಮ್ಮನವರು ನೆಟ್ಟಗೆ ಮಹಡಿ ಹತ್ತಿ ಆ ಬಚ್ಚಲಿಗೇ ಹೋದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಹೇಳಿದ್ದು ಹೇಳಿದಂಗೇ ಐತೆ ಎಂದು ಗಂಡನಿಗೆ ಕೂಗಿ ಹೇಳಿದ ಅವರ ದನಿಯಲ್ಲಿ ಒಂಥರಾ ಮೆಚ್ಚುಗೆಯಿತ್ತು. ನಾಗಭೂಷಣ ಬೆರಗಾದ, ಕಾಕತಾಳೀಯ ಎಂಬ ಪದ ನೆನಪಿಗೆ ಬಂದು ಸಮಾಧಾನವಾಯಿತು. ಆ ದಿನ ಹೊಸ್ತಿಲ ಮೇಲೆ, ಗಾಳಿ ತಿರುಗಿದರೆ ಕರೂರು ಕೈಗಾರಿಕಾ ಪ್ರದೇಶದ ಕಡೆಯಿಂದ ಸಂಜೆ ಐದರ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ ಎಂದ. ಹಲ್ಲಿ ನುಡಿಯಿತು. ಅವರ ಕಾರು ತಿರುವು ದಾಟುವ ಮೊದಲೇ ಕೂದಲು ಸುಟ್ಟಂಥ ಕಮಟು ಗೇಟಿನೊಳಗೆ ತುಂಬಿಕೊಂಡಿತು. ಕೆಂಚಣ್ಣ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಅವನನ್ನೇ ನೋಡುತ್ತ ನಿಂತ. ಗಿಡಕ್ಕೆ ನೀರು ಹಾಕು ಹೋಗು ಎಂದು ನಾಗಭೂಷಣ ಅವನನ್ನು ಕಳಿಸಿದ.

ಮೂರನೆಯ ಸಲ ಅವರು ಮನೆಯನ್ನು ನೋಡಲೇ ಇಲ್ಲ, ನಾಗಭೂಷಣನನ್ನು ನೋಡಿದರು. ಎಷ್ಟು ಮಕ್ಕಳು, ಯಾವ ಮಠದವರು, ಏನು ಓದಿದ್ದಾಳೆ. ಅವನು ಪರ್ಸಿನಿಂದ ಸ್ವಾತಿಯ ಫೋಟೋ ತೆಗೆದು ಕೊಟ್ಟ. ಕೊಡುವ ಮೊದಲು ಅಂಗಿಯ ಚುಂಗಿನಿಂದ ಅದನ್ನು ಒರೆಸಿದ. ನಿರ್ಮಲಮ್ಮನವರು ಬೆಳಕಿಗೆ ಬರಲೆಂದು ಹೊಸ್ತಿಲ ಮೇಲೆ ಬಂದು ಅದನ್ನು ಬಹಳ ಹೊತ್ತು ನೋಡಿದರು. ಮುಖ ಲಕ್ಷಣವಾಗೈತೆ ಎಂದರು. ಮಗ ಬಸವಪ್ರಭುವಿಗೂ ಹುಡುಗಿ ನೋಡುತ್ತಿದ್ದೇವೆ ಎಂದರು. ಆಮೇಲೆ, ಗಂಡನ ಧಾಟಿಯಲ್ಲೇ, ನಗುತ್ತ ಕೇಳಿದರು: "ಮನೇದೆಲ್ಲ ಕೊರತೆ ಹೇಳಿದ್ರಿ. ಮಗಳದ್ದೇನ್ರಿ?"

ಹದಿನಾರು ವರ್ಷದ ರೂಢಿ. ಕಾಲ ಕೆಳಗಿನ ಹೊಸ್ತಿಲ ನೆನಪೂ ಅವನಿಗೆ ಬರಲಿಲ್ಲ. ಕೊರತೆಯಂತೆ ಕಾಣುವ, ಅತ್ತೆಯ ಕಿವಿಗೆ ಗುಣದಂತೆ ಕೇಳಿಸುವ ಒಂದು ಮಾತು ನಾಲಗೆಗೆ ತಾನಾಗಿ ಬಂತು.

"ಒಂದೇ ಕೊರತೆ ಅಮ್ಮಾರೆ. ಹುಡುಗಿ ಮಾತೇ ಆಡಲ್ಲ. ಏನು ಕೇಳಿದ್ರೂ ತಲೆ ಆಡಿಸ್ತಾಳೆ ಅಷ್ಟೆ."

ಲೊಚ್, ಲೊಚ್, ಲೊಚ್. ನಿರ್ಮಲಮ್ಮನವರು ಬೆರಳು ಕುಟ್ಟಿದರು.

ಸಂಜೆ ಹರಿಹರದ ಮನೆಯಲ್ಲಿ ಅವನು ಒಂದು ಬೂಟು ಬಿಚ್ಚಿದ. ಇನ್ನೊಂದನ್ನೂ ಬಿಚ್ಚಿದ. ಬೀದಿಯ ಸಮಾಚಾರ ಬರಲಿಲ್ಲ. ಒಳಗೆ ಸ್ವಾತಿ ಕತ್ತಿನ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಏನಾಯ್ತೆ ಎಂದ. ತಲೆಯಾಡಿಸಿದಳು. ಬಾಯಿ ತೆರೆದಳು. ಸದ್ದು ಬರಲಿಲ್ಲ. ತೆರೆದ ಬಾಯಿಂದ ಹಸಿಸುಣ್ಣದ, ನೆತ್ತಿಯೆಣ್ಣೆಯ ವಾಸನೆ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಕರಿಕಾಗುತ್ತಿತ್ತು. ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ.

ಹರಿಹರದಲ್ಲಿ ಒಬ್ಬರು, ದಾವಣಗೆರೆಯಲ್ಲಿ ಇಬ್ಬರು ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ ಎಲ್ಲಾ ಸರಿಯಾಗಿದೆ ಎಂದರು. ಖೈರುನ್ನೀಸಾ ದರ್ಗಾದಿಂದ ತಂದ ದಾರ ಕಟ್ಟಿ, ಸ್ವಾತಿಯ ಪಕ್ಕದಲ್ಲಿ ಕೂತು ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ನೋಡಿದಳು. ಅರ್ಧಕ್ಕೇ ಎದ್ದುಹೋದಳು. ಹನ್ನೆರಡನೆಯ ದಿನ ಸ್ವಾತಿ ಹಾಳೆ ಕೇಳಿ ಬರೆದಳು: 'ಅಪ್ಪಾಜಿ, ಗಂಟಲಲ್ಲಿ ಯಾರೋ ಕೈ ಇಟ್ಟುಕೊಂಡು ಕೂತಿದ್ದಾರೆ. ಆ ಕೈಯಲ್ಲಿ ಬಳೆ ಇದೆ.'

ಆಗ ನಾಗಭೂಷಣ ಉಚ್ಚೆಂಗೆಮ್ಮನನ್ನು ಹುಡುಕಿಕೊಂಡು ಹೋದ. ದೂರವೇನೂ ಇರಲಿಲ್ಲ. ಅದೇ ಬೀದಿಯಲ್ಲಿ ಇಳಿದು ಹೊಳೆಯ ಪಕ್ಕದ ಕೊನೆಯ ಓಣಿ. ನೆರಳಿನಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಮಾಟ ಮಾಡಿಸಿದವಳೆಂದರೆ ಹೇಗಿರಬೇಕೆಂದು ಅವನು ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದನೋ ಅದರಲ್ಲಿ ಒಂದೂ ಆಕೆಗೆ ಹೊಂದಲಿಲ್ಲ. ಯಾವ ಮನೆಯಲ್ಲಾದರೂ ಇರಬಹುದಾದ ಅಜ್ಜಿ. ಪೂರ್ತಿ ಕೇಳಿಸಿಕೊಂಡು, ಕೂಡ್ರಿ ಎಂದಳು.

"ಮಾಟ ಕಟ್ಟಿದೋನು ಸತ್ತ. ನನಗೆ ಬಿಚ್ಚಾಕೆ ಬರಲ್ಲಪ್ಪ. ತಗಡು ಕೀಳಬ್ಯಾಡ, ಕಿತ್ತರೆ ಆಗಿದ್ದು ಆದಂಗೇ ನಿಂತು ಹೋಗ್ತೈತೆ."

ಹಾಗಾದರೆ ಅಲ್ಲೇ ನಿಂತು ನಿಜ ಹೇಳುತ್ತೇನೆ, ಮಗಳು ಮಾತಾಡುವ ಹುಡುಗಿ, ನಾನೇ ಸುಳ್ಳು ಹೇಳಿದೆ ಎನ್ನುತ್ತೇನೆ ಎಂದ ಅವನು.

"ನಿಜ ಅದಕ್ಕೆ ಕೇಳಿಸಲ್ಲ. ಸುಳ್ಳಿಗಷ್ಟೇ ಕಿವಿ ಅದಕ್ಕೆ. ಅದೂ ಕೊರತೆ ಹೇಳೋ ಸುಳ್ಳು. ಎದುರಿಗಿದ್ದೋರು ನಂಬಬೇಕು." ಬತ್ತಿಯನ್ನು ತಟ್ಟೆಗೆ ಹಾಕಿದಳು. "ನನ್ನ ಮಗಳ ಮ್ಯಾಲಿನ ಸುಳ್ಳನ್ನ ಎಲ್ಲಾರೂ ನಂಬಿದ್ರು ನೋಡು. ಅದಕ್ಕೇ ಹಂಗೆ ಕಟ್ಟಿಸಿದ್ದು."

ವ್ಯಾಪಾರದ ತಲೆ ದುಃಖದಲ್ಲೂ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ದಾವಣಗೆರೆ ಮುಟ್ಟುವಷ್ಟರಲ್ಲಿ ಅವನಿಗೆ ದಾರಿ ಹೊಳೆದಿತ್ತು. ಮಾತು ನಿಂತವಳನ್ನು ಬಾಯಿಬಡುಕಿ ಎಂದರೆ ಈಗ ಅದೂ ಸುಳ್ಳು, ಅದೂ ಕೊರತೆ. ಕರಾರು ಬರೆಸುವ ಮಾತಿಗೆಂದು ಮುರುಗೇಶಪ್ಪ ದಂಪತಿ ಆ ದಿನ 'ಸಂತೃಪ್ತಿ'ಗೆ ಬರುವವರಿದ್ದರು. ಹೊಸ್ತಿಲ ಮೇಲೆ ಅವನು ಕೈ ಮುಗಿದ. ಹುಡುಗಿ ಕೊಡುವ ಆಸೆಯಿಂದ ಅವತ್ತು ಸುಳ್ಳು ಹೇಳಿದೆ ಎಂದ.

"ಅವಳಿಗೆ ಬಾಯಿ ನಿಲ್ಲಲ್ಲ ಅಮ್ಮಾರೆ. ಎದ್ದಾಗಿನಿಂದ ಮಲಗೋ ತನಕ, ಮಲಗಿದ್ರೂ, ಮಾತು, ಮಾತು. ನಿಲ್ಸು ಅಂದ್ರೂ ನಿಲ್ಸಲ್ಲ."

ಹೆತ್ತವನೇ ಹೀಗೆ ಕೈಮುಗಿದು ಹೇಳಿದರೆ ಯಾರು ನಂಬುವುದಿಲ್ಲ? ಸಂಬಂಧ ಕೈತಪ್ಪಿತೆಂದು ನಿರ್ಮಲಮ್ಮನವರ ಮುಖದಲ್ಲೇ ಕಂಡಿತು. ನಂಬಿಕೆ ಇನ್ನಷ್ಟು ಗಟ್ಟಿಯಾಯಿತೆಂದೂ ಕಂಡಿತು. ಹಲ್ಲಿ ನುಡಿಯಿತು. ನಾಗಭೂಷಣನಿಗೆ ಮೊದಲ ಬಾರಿಗೆ ಆ ಸದ್ದು ಹಿತವೆನಿಸಿತು.

ಹರಿಹರದಲ್ಲಿ ಬೀದಿಯ ತಿರುವಿನಲ್ಲೇ ಸ್ವಾತಿಯ ದನಿ ಕೇಳಿಸಿತು. ಅವನು ಓಡಿದ. ನಗುತ್ತ ಓಡಿದ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಖೈರುನ್ನೀಸಾ ನಗುತ್ತಿರಲಿಲ್ಲ.

ಸ್ವಾತಿ ನಡುಮನೆಯಲ್ಲಿ ನಿಂತಿದ್ದಳು. ಹರಿಹರದಿಂದ ದಾವಣಗೆರೆಗೆ ಹೋಗುವ ಸ್ಟಾಪುಗಳ ಹೆಸರು ಹೇಳುತ್ತಿದ್ದಳು. ಹಿಂದೆಯೇ ಹತ್ತೊಂಬತ್ತರ ಮಗ್ಗಿ. ಹಿಂದೆಯೇ ಹಾಲಿನವನ ಹೆಂಡತಿಯ ಕಿವಿನೋವು. ನಡುವೆ ಉಸಿರಿಲ್ಲ. ಚುಕ್ಕಿಯಿಲ್ಲ. ಸ್ವಾತಿ ಎಂದು ಭುಜ ಹಿಡಿದ. ನಿಲ್ಲಲಿಲ್ಲ. ನೀರು ಕುಡಿಸಿದ. ನೀರಿನೊಳಗೇ ಮಾತು ಗುಳುಗುಳು ಎಂದಿತು. ಬಾಯಿ ಮಾತಾಡುತ್ತಿತ್ತು, ಕಣ್ಣು ಬೇರೆ ಏನೋ ಹೇಳುತ್ತಿತ್ತು. ಅಪ್ಪಾಜಿ, ನಿಲ್ಸು, ಎಂದು ಬೇಡುವ ಕಣ್ಣು. ಅವನು ಬಾಯಿ ಮುಚ್ಚಿ ಹಿಡಿದ. ಅಂಗೈ ಕೆಳಗೆ ತುಟಿಗಳು ಹುಳದಂತೆ ಹರಿದಾಡಿದವು.

ಒಂದು ದಿನ. ಎರಡು ದಿನ. ಕಣ್ಣು ಮುಚ್ಚಿದರೂ ಮಾತು. ಅನ್ನ ಇಳಿಯಲಿಲ್ಲ. ದನಿ ಒಡೆಯಿತು. ಗೊಗ್ಗರಾಯಿತು. ತುಟಿ ಸೀಳಿತು. ಹಲ್ಲಿನ ಸಂದಿಯಲ್ಲಿ ರಕ್ತ. ಮೂರನೆಯ ದಿನ ಬೆಳಿಗ್ಗೆ ಮಾತಿನ ನಡುವೆ ಇನ್ನೊಂದು ದನಿ ಸೇರಿಕೊಂಡಿತು. ಸಣ್ಣ ವಯಸ್ಸಿನ ದನಿ. ಒದ್ದೆಯಾದ ದನಿ. ಅದು ಒಂದನ್ನೇ ಹೇಳುತ್ತಿತ್ತು. ನನಗೆ ಮೂರ್ಛೆರೋಗ ಇಲ್ಲ. ನನಗೆ ಮೂರ್ಛೆರೋಗ ಇಲ್ಲ. ಮಾವ, ಯಾಕ ಹಂಗೆ ಹೇಳ್ತೀರಿ. ನನಗೆ ಏನೂ ಇಲ್ಲ.

ನಾಗಭೂಷಣ ಓಣಿಗೆ ಓಡಿದ. ಉಚ್ಚೆಂಗೆಮ್ಮ ಬಾಗಿಲಲ್ಲೇ ನಿಂತಿದ್ದಳು. ಆ ದನಿ ಅಲ್ಲಿಯವರೆಗೂ ಕೇಳಿಸುತ್ತಿತ್ತೋ, ಆಕೆಗಷ್ಟೇ ಕೇಳಿಸುತ್ತಿತ್ತೋ, ಮುಖವೆಲ್ಲ ಒದ್ದೆಯಾಗಿತ್ತು.

"ಇನ್ನೊಂದು ದಿನ ತಡೀಯಲ್ಲ ನಿನ್ನ ಮಗಳು," ಎಂದಳು. "ಇನ್ನೂ ಏನೇನೋ ಸುಳ್ಳು ಹುಡುಕಬ್ಯಾಡ. ಯಾವುದು ಹೇಳಿದ್ರೂ ಹಿಂಗೇ. ನಿಂದು ಅನ್ನೋದಕ್ಕೆ ಅಂಟ್ಕಳ್ತೈತೆ ಅದು. ನಿನ್ನ ಮಗಳು ಅನ್ನೋ ತನಕ ಬಿಡಲ್ಲ."

ಅವನು ಆಕೆಯನ್ನೇ ನೋಡಿದ. ಆಕೆ ಮುಖ ತಿರುಗಿಸಿದಳು.

ಮಧ್ಯಾಹ್ನ ಮುರುಗೇಶಪ್ಪ ದಂಪತಿ ಬಡಗಿಯನ್ನು ಕರೆದುಕೊಂಡು 'ಸಂತೃಪ್ತಿ'ಗೆ ಬಂದಿದ್ದರು. ಗಂಡ ಬಡಗಿಯೊಡನೆ ಮಹಡಿಯಲ್ಲಿ ಅಳತೆ ಹಿಡಿಸುತ್ತಿದ್ದರು. ಕರೆಂಟು ಹೋಗಿತ್ತು. ನಾ ಒಂದು ಮಾತಾಡಬೇಕು ಎಂದು ನಾಗಭೂಷಣ ನಿರ್ಮಲಮ್ಮನವರನ್ನು ಬಾಗಿಲಿಗೆ ಕರೆದ. ಬೂಟು ಬಿಚ್ಚಿ ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತ. ಮಾರ್ಬಲ್ಲು ಮೈಯಂತೆ ಬೆಚ್ಚಗಿತ್ತು.

"ಮನೇದಲ್ಲ ಅಮ್ಮಾರೆ, ನಂದೇ ಒಂದು ಕೊರತೆ ಐತೆ. ಮುಚ್ಚಿಟ್ಟಿದ್ದೆ. ನನಗೆ ಮಕ್ಕಳಿಲ್ಲ."

ನಿರ್ಮಲಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಆ ಫೋಟೋ ಎಂದರು.

ಅವನು ತನ್ನ ಜೀವಮಾನದ ವ್ಯಾಪಾರಕ್ಕೆ ಇಳಿದ. ಹರಿಹರದಲ್ಲಿ ಪಕ್ಕದ ಮನೆಯಲ್ಲಿದ್ದ ಕಮಲಕ್ಕ ಎಂಬುವರ ಮಗಳು ಅವಳು ಎಂದ. ಕಮಲಕ್ಕ ಈಗ ತಮ್ಮ ಊರು ಕೊಕ್ಕನೂರಿನಲ್ಲಿದ್ದಾರೆ ಎಂದ. ಮಕ್ಕಳಿಲ್ಲದವನು ಹೊಸ ಮನೆ ತೋರಿಸಲು ಬಂದರೆ ಜನ ಒಂದು ಥರ ನೋಡುತ್ತಾರೆ, ಅದಕ್ಕೆ ಫೋಟೋ ಇಟ್ಟುಕೊಂಡಿದ್ದೆ ಎಂದ. ಎಲ್ಲವೂ ಸಲೀಸಾಗಿ ಬಂತು. ಎಲ್ಲಿ ತಡವರಿಸಬೇಕೋ ಅಲ್ಲಿ ತಡವರಿಸಿದ. ಎಲ್ಲಿ ನೆಲ ನೋಡಬೇಕೋ ಅಲ್ಲಿ ನೆಲ ನೋಡಿದ.

ಹಲ್ಲಿ ನುಡಿಯಲಿಲ್ಲ. ನಿರ್ಮಲಮ್ಮನವರು ತಲೆ ಅಡ್ಡಡ್ಡ ಆಡಿಸಿದರು. ಫೋಟೋವನ್ನು ಅವನು ಅಂಗಿಯಿಂದ ಒರೆಸಿ ಕೊಟ್ಟಿದ್ದನ್ನು ಅವರು ನೋಡಿದ್ದರು.

"ಒಂದ್ಸಲ ಮಾತೇ ಆಡಲ್ಲ ಅಂದೆ," ಎಂದ ಅವನು. "ಇನ್ನೊಂದ್ಸಲ ಬಾಯೇ ನಿಲ್ಲಲ್ಲ ಅಂದೆ. ಹೆತ್ತೋನಾಗಿದ್ರೆ ಎರಡು ಥರ ಹೇಳ್ತಿದ್ನಾ ಅಮ್ಮಾರೆ?"

ಮಹಡಿಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ ಅವರು, ಮೂರು ಹೆತ್ತ ಹೆಂಗಸು, ಮೆಲ್ಲಗೆ ಕೇಳಿದರು.

"ಹುಡುಗಿ ಹುಟ್ಟಿದ್ದು ಯಾವ ವಾರ?"

ಶ್ರಾವಣದ ಎರಡನೆಯ ಸೋಮವಾರ. ಬೆಳಿಗ್ಗೆ ಆರು ದಾಟಿ ಹತ್ತು ನಿಮಿಷ. ನರ್ಸು ತಂದು ಕೈಗಿತ್ತಾಗ ಎಡಗಿವಿ ಮಡಚಿಕೊಂಡಿತ್ತು. ಬಿಡಿಸಲು ಹೋದವನಿಗೆ ರೂಪಶ್ರೀ ಹಾಸಿಗೆಯಿಂದಲೇ ಬೈದಿದ್ದಳು. ಅಳು ಕೇಳಿ ಪಕ್ಕದ ಮಂಚದವರು, ಭಾರಿ ಬಾಯಿ ಐತಲ್ಲಪ್ಪ ನಿನ್ನ ಮಗಳಿಗೆ ಎಂದಿದ್ದರು.

"ನನಗೇನು ಗೊತ್ತು ಅಮ್ಮಾರೆ," ಎಂದ ನಾಗಭೂಷಣ. "ಬೇರೆಯೋರ ಮಗಳು."

ನಿರ್ಮಲಮ್ಮನವರ ಕಣ್ಣಲ್ಲಿ ನೀರು ಬಂತು. ಪಾಪ ಎಂದರು. ಕಾಲ ಕೆಳಗೆ ಏನೋ ಹೊರಳಿತು.

ಲೊಚ್. ಲೊಚ್. ಲೊಚ್.

ಅವರು ಬಾಗಿಲ ಚೌಕಟ್ಟಿಗೆ ಬೆರಳು ಕುಟ್ಟಿದರು.

ಮುರುಗೇಶಪ್ಪನವರು ಕೆಳಗಿಳಿದು ಬಂದಾಗ ನಾಗಭೂಷಣ ಅವರಿಗೆ ಹೊಸ್ತಿಲ ಕತೆಯನ್ನೆಲ್ಲ, ಜಡೆ, ತಗಡು, ಹೊಳೆ, ಒಂದೂ ಬಿಡದೆ ಹೇಳಿ, ಈ ಮನೆ ಕೊಳ್ಳಬೇಡಿ ಎಂದ. ಈ ಕಸುಬಿನಲ್ಲಿ ಅವನು ಹೇಳಿದ ಮೊದಲ ದೊಡ್ಡ ಕೊರತೆ ಅದು. ಅವರು ಗಂಭೀರವಾಗಿ ಕೇಳಿಸಿಕೊಂಡರು. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ತಾವು ಈ ಲೈನಿನಲ್ಲಿ ಕಂಡಿಲ್ಲವೆಂದರು. ಸುಳ್ಳು ಹೇಳುವವರು ಹೆದರಬೇಕು, ನಮಗೇನು ಎಂದು ಮನೆ ಕೊಂಡರು.

ಹರಿಹರದ ಬೀದಿ ಸಂಜೆ ಶಾಂತವಾಗಿತ್ತು. ಮನೆಯಲ್ಲಿ ಒಂದೇ ಮಂಚ, ಒಂದೇ ತಟ್ಟೆ. ಗೂಟದ ಮೇಲೆ ಅವನ ಅಂಗಿಗಳು ಮಾತ್ರ. ಪರ್ಸಿನ ಪ್ಲಾಸ್ಟಿಕ್ಕಿನ ಹಿಂದೆ ಏನೂ ಇರಲಿಲ್ಲ. ಖೈರುನ್ನೀಸಾಳನ್ನು ಕೇಳಿದ. ಆಕೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಕನಿಕರದಿಂದ ನೋಡಿದಳು.

"ಯಾವ ಸ್ವಾತಿ, ಭೂಷಣಣ್ಣ?"

ಹತ್ತು ದಿನ ಅವನು ತಡೆದ. ಹನ್ನೊಂದನೆಯ ದಿನ ಬೆಳಗಿನ ಬಸ್ಸಿಗೆ ಕೊಕ್ಕನೂರಿಗೆ ಹೋದ. ಸ್ಟಾಪಿನ ಎದುರಿಗೇ ಕಮಲಕ್ಕನ ಮನೆ. ಜಗಲಿಯ ಮೇಲೆ ಸ್ವಾತಿ ಕೂತು ಶೇಂಗಾ ಸುಲಿಯುತ್ತಿದ್ದಳು. ತುಟಿಯ ಗಾಯಗಳು ಮಾಯ್ದಿದ್ದವು. ಮೈ ಕೈ ತುಂಬಿಕೊಂಡಿತ್ತು. ಎಡಗಿವಿಯ ತುದಿ ಇನ್ನೂ ಸ್ವಲ್ಪ ಮಡಚಿದಂತೆಯೇ ಇತ್ತು. ತಲೆಯೆತ್ತಿ ನೋಡಿದಳು. ಅಪರಿಚಿತರನ್ನು ನೋಡುವ, ಹೆದರಿಕೆಯಿಲ್ಲದ, ಸ್ವಚ್ಛ ನೋಟ.

"ಯಾರು ಬೇಕಾಗಿತ್ರಿ?"

ಬಸ್ಸು ಬರುವ ತನಕ ನೆರಳಿಗೆ ಕೂತುಕೊಳ್ಳಬಹುದೇ ಎಂದು ಅವನು ಕೇಳಿದ.

"ಅದಕ್ಕೇನ್ರಿ, ಕೂಡ್ರಿ. ಅವ್ವ ಹೊಲಕ್ಕೆ ಹೋಗ್ಯಾಳೆ." ಚೊಂಬಿನಲ್ಲಿ ನೀರು ತಂದಿಟ್ಟಳು. ಹಿಂದೆಯೇ, ಅವನು ಕೇಳದೆಯೇ, ಮಾತು ಶುರುವಾಯಿತು. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಡ್ರೈವರನಿಗೆ ಮಲೆಬೆನ್ನೂರಿನಲ್ಲಿ ಒಂದು ಟೀ ಆಗಲೇಬೇಕು. ನಿನ್ನೆ ಅವರ ಎಮ್ಮೆ ಹಗ್ಗ ಕಿತ್ತುಕೊಂಡು ಗದ್ದೆಗೆ ನುಗ್ಗಿತ್ತು. ಊರ ಮಂದಿಯೆಲ್ಲ ಅದರ ಹಿಂದೆ. ಮುಂದಿನದು ಕೇಳಿದರೆ ನೀವು ನಗುತ್ತೀರಿ. ನಡುನಡುವೆ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು. ಅವನು ಒಂದೊಂದು ಉಸಿರನ್ನೂ ಕೇಳಿಸಿಕೊಂಡ.

ಬಸ್ಸು ಬಂತು. ಹಾರ್ನು ಹಾಕಿತು. ಒಂದು ಗಳಿಗೆ ನಿಂತು, ದೂಳೆಬ್ಬಿಸಿ ಹೋಯಿತು.

"ಅಯ್ಯ, ನಿಮ್ಮ ಬಸ್ಸು ಹೋಯ್ತಲ್ರಿ," ಎಂದಳು ಸ್ವಾತಿ.

"ಹೋಗ್ಲಿ ಬಿಡಮ್ಮ," ಎಂದ ನಾಗಭೂಷಣ. "ಎಮ್ಮೆ ಗದ್ದೆಗೆ ನುಗ್ತು. ಆಮೇಲೇನಾಯ್ತು, ಹೇಳು."